ಟಗರಿಗೆ ಹಾಕಬೇಕಿದ್ದ ಸೂಜಿ

ಆ ವರ್ಷ ಭರಣಿ ಮಳೆ ಬಿದ್ದ ಮರುವಾರ, ಒಂದು ಮಂಗಳವಾರ ಬೆಳಿಗ್ಗೆ, ಕೆ.ಆರ್. ಪುರದ ಆಚೆಗಿನ ಒಂದು ಕೆರೆಯಂಗಳದಲ್ಲಿ ಕುರಿಗಳಿಗೆ ಲಸಿಕೆ ಹಾಕಲು ಹೋಗಿದ್ದ ಪಶು ವೈದ್ಯಕೀಯ ಪರೀಕ್ಷಕ ಮುನಿರಾಜು ಅವರ ಎಡ ಮೊಣಕೈಯನ್ನು ದೊಣ್ಣೆಯಿಂದ ಹೊಡೆದು ಮುರಿಯಲಾಯಿತು. ಹೊಡೆದವನು ನಂಜೇಶ, ಕುರಿ ಸಾಕುವ ಕೆಂಪಣ್ಣನ ತಮ್ಮ. ಬಕ್ರೀದ್‌ಗೆ ಐದು ವಾರ ಉಳಿದಿತ್ತು.

ಮರುದಿನದ ಪತ್ರಿಕೆಗೆ ನಾನು ಬರೆದ ಸುದ್ದಿ ಇಷ್ಟೇ. ಒಳಪುಟದಲ್ಲಿ, ಫ್ಲೈಓವರ್ ಕಾಮಗಾರಿಯ ಸುದ್ದಿಯ ಕೆಳಗೆ ಬಂತು.

ಕಳೆದ ವಾರ ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬರುತ್ತಿದ್ದೆ. ಅಲ್ಲಿ ಕುರಿಯ ತಲೆ, ಕಾಲು ಸುಟ್ಟು ಶುಚಿ ಮಾಡಿಕೊಡುವವರ ಸಾಲು ಇದೆ. ಕಾದ ಸಲಾಕೆ ರೋಮಕ್ಕೆ ತಾಗಿದಾಗ ಏಳುವ ವಾಸನೆ ಇಡೀ ಓಣಿಯಲ್ಲಿ ತುಂಬಿತ್ತು. ನಿಂತೆ. ಕೆರೆಯಂಗಳದಲ್ಲಿ ಶುರುವಾದದ್ದು ಈ ಓಣಿಯಲ್ಲಿ ಬಂದು ನಿಂತ ಆ ಬೇಸಿಗೆ ಪೂರ್ತಿಯಾಗಿ ನೆನಪಾಯಿತು.

ಆ ಸಲ ಏಪ್ರಿಲ್ ಕೊನೆಯವರೆಗೂ ಮಳೆಯಿರಲಿಲ್ಲ. ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಹೂಳೆತ್ತಲೆಂದು ಜೆಸಿಬಿಗಳು ಇಳಿದು, ಏರಿಯ ಬುಡದಲ್ಲಿ ಆಳುದ್ದ ತೋಡಿ, ಮಣ್ಣನ್ನು ಅಂಗಳಕ್ಕೆ ಹರಡಿ ಹೋಗಿದ್ದವು. ಹಿಂದಿನ ತಲೆಮಾರಿನವರು ಸತ್ತ ದನಗಳನ್ನು ಹೂಳುತ್ತಿದ್ದುದು ಆ ಏರಿಯ ಬುಡದಲ್ಲೇ. ಆಮೇಲೆ ಭರಣಿ ಮಳೆ ಎರಡು ಸಂಜೆ ಸಿಡಿಲಿನೊಂದಿಗೆ ಹೊಡೆಯಿತು. ಕಮ್ಮನಹಳ್ಳಿಯಲ್ಲಿ ಮರ ಬಿದ್ದು ಕಾರುಗಳು ಜಜ್ಜಿಹೋದವು, ವಿಮಾನಪುರದ ಕಡೆ ಕರೆಂಟ್ ಇಡೀ ರಾತ್ರಿ ಇರಲಿಲ್ಲ. ಕೆರೆಯಂಗಳದ ಹೊಸ ಮಣ್ಣಿನ ಮೇಲೆ ಮಾತ್ರ ಹಸಿರು ಎದ್ದಿತು. ಕೆಂಪಣ್ಣ ಹಬ್ಬಕ್ಕೆಂದು ಸಾಕಿದ ಟಗರುಗಳನ್ನು ಅಲ್ಲಿಗೆ ಬಿಟ್ಟ.

ವರ್ಷವಿಡೀ ಹಿಂಡಿ, ಬೂಸ, ಹುರುಳಿ ತಿನ್ನಿಸಿ ಕೊಬ್ಬಿಸಿದ ಟಗರುಗಳು. ಬಕ್ರೀದ್‌ಗೆ ಮುಂಚೆ ಶಿವಾಜಿನಗರಕ್ಕೆ, ಫ್ರೇಜರ್ ಟೌನಿಗೆ ಹೋಗುವವು. ಹಬ್ಬದ ಟಗರು ವ್ಯಾಪಾರದ ಬಗ್ಗೆ ಬರೆಯಲು ನಾನು ಅಲ್ಲಿಗೆ ಹೋದಾಗ ಮೂರು ಸತ್ತಿದ್ದವು. ಮುನಿರಾಜು ಹಿಂದಿನ ದಿನವೇ ಬಂದು, ಸತ್ತ ಟಗರಿನ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ದರು. ಹೆಣ ಸೀಳಬಾರದು, ಚರ್ಮ ಸುಲಿಯಬಾರದು ಎಂದು ಹೇಳಿ ಟಾರ್ಪಾಲ್ ಮುಚ್ಚಿಸಿ ಹೋಗಿದ್ದರು. ಲ್ಯಾಬಿನವರು ಖಚಿತಪಡಿಸಿದ್ದರಿಂದ ಆ ಮಂಗಳವಾರ ಉಳಿದ ಕುರಿಗಳಿಗೆ ಲಸಿಕೆ ಹಾಕುವುದಿತ್ತು.

"ಯಾವ್ ಪೇಪರ್ ಮೇಡಂ?" ಎಂದು ಕೆಂಪಣ್ಣ ನನ್ನನ್ನು ಕೇಳಿದ. ಐವತ್ತು ದಾಟಿದ ಗಟ್ಟಿ ಆಳು. "ಟಗರ್ ರೇಟ್ ಬರೀತೀರೋ, ಟಗರ್ ಸತ್ತಿದ್ ಬರೀತೀರೋ?"

"ಎರಡೂ."

"ಅಂಗಾರೆ ರೇಟ್ ಮೊದ್ಲು ಬರೀರಿ. ಸತ್ತಿದ್ದುಕ್ಕೆ ರೇಟ್ ಇಲ್ಲ."

ಅಷ್ಟರಲ್ಲಿ ಮುನಿರಾಜು ಸ್ಕೂಟರಿನಲ್ಲಿ ಬಂದರು. ಮುಂದೆ ಕಾಲಿನ ಮಧ್ಯೆ ಲಸಿಕೆಯ ಐಸ್ ಬಾಕ್ಸ್. ಇಳಿದವರೇ ಗ್ಲೌಸ್ ಹಾಕಿಕೊಂಡರು.

"ಕೆಂಪಣ್ಣ, ಎಲ್ಲಾನೂ ರೊಪ್ಪದೊಳಗೆ ಕೂಡಪ್ಪ. ಬೇಗ ಮುಗಿಸ್ತೀನಿ."

"ಮುಗಿಸ್ತೀರ ಸಾ, ಗೊತ್ತು. ಸೂಜಿ ಹಾಕಿದ್ಮ್ಯಾಲೆ ಆರ್ ವಾರ ಕುಯ್ಯಂಗಿಲ್ಲ ಅಂತ ನೀವೇ ಅಂದ್ರಿ. ಹಬ್ಬ ಐದ್ ವಾರಕ್ಕೆ. ಆಮ್ಯಾಕೆ ಇವಕ್ಕೆಲ್ಲ ಮದ್ವೆ ಮಾಡಿ ಮನೇಲಿಟ್ಕೊಳ್ಳಾ?"

ಸುತ್ತ ನಿಂತವರು ನಕ್ಕರು. ಮುನಿರಾಜು ನಗಲಿಲ್ಲ.

"ಇದು ನೆರಡಿ ರೋಗ ಕಣಪ್ಪ. ಆಂಥ್ರಾಕ್ಸ್. ಸತ್ತ ದನ ಹೂತ ಮಣ್ಣಲ್ಲಿ ವರ್ಷಗಟ್ಲೆ ಉಳ್ದಿರುತ್ತೆ. ಕುಯ್ದೋನಿಗೂ ಬರುತ್ತೆ, ಸುಲ್ದೋನಿಗೂ ಬರುತ್ತೆ. ನಿಮಗೆ ಹಾಕೋ ಸೂಜಿ ನನ್ ಹತ್ರ ಇಲ್ಲ. ಅದಕ್ಕೇ ಟಗರಿಗೆ ಹಾಕೋದು."

"ಓಹೋ. ನನ್ನೆಂಡ್ರಿಗೆ ಮಂಡಿನೋವು ಸಾ. ಯಾವ್ ಟಗರಿಗೆ ಹಾಕ್ತೀರ?"

ಈ ಸಲ ನಗು ಜೋರಾಯಿತು. ಆ ನಗು ಮುಗಿಯುವ ಮೊದಲೇ ರೊಪ್ಪದ ಅಂಚಿನಲ್ಲಿ ನಾಲ್ಕನೆಯ ಟಗರು ನಡುಗಲು ಶುರುಮಾಡಿತು. ಮುಂಗಾಲು ಮಡಿದು ಕುಸಿಯಿತು.

ಆ ಕಡೆಯ ಕುರಿಯವರಲ್ಲಿ ಒಂದು ರೂಢಿ ಇದೆ. ಕುರಿ ಉಳಿಯುವುದಿಲ್ಲ ಎಂದು ಕಂಡರೆ ಉಸಿರು ನಿಲ್ಲುವ ಮೊದಲೇ ಕತ್ತಿಗೆ ಕೊಡುತ್ತಾರೆ. ತಾನಾಗಿ ಸತ್ತರೆ ಅದು ಹೆಣ, ಕುಯ್ದರೆ ಮಾಂಸ. ನಂಜೇಶ ಇಪ್ಪತ್ತೆಂಟರ ಆಸುಪಾಸಿನವನು. ಓಡಿಬಂದು ಟಗರನ್ನು ಎತ್ತಿ ಕುತ್ತಿಗೆಯ ಹಿಂದೆ ಹೊತ್ತುಕೊಂಡ. ಅದರ ಮೂಗಿನಿಂದ ಇಳಿದ ರಕ್ತ ಅವನ ಕಾಲರಿನೊಳಗೆ ಹರಿಯಿತು. ಏರಿಯ ಕಡೆಯ ಚಪ್ಪಡಿ ಕಲ್ಲಿನ ಮೇಲೆ ಟಗರನ್ನು ಕೆಡವಿ ಮಚ್ಚಿನಿಂದ ಕುತ್ತಿಗೆ ಸೀಳಿದ. ರಕ್ತ ಡಾಂಬರಿನ ಬಣ್ಣದ್ದಾಗಿತ್ತು. ಕಲ್ಲಿನ ಮೇಲೆ ಹರಡಿತೇ ಹೊರತು ಹೆಪ್ಪುಗಟ್ಟಲಿಲ್ಲ.

"ಕುಯ್ಬೇಡ್ವೋ, ಬಿಡೋ ಅದನ್ನ" ಎಂದು ಮುನಿರಾಜು ಓಡಿಹೋಗಿ ಅವನ ಮಣಿಕಟ್ಟು ಹಿಡಿದರು.

ನಂಜೇಶ ಮಚ್ಚು ಬಿಟ್ಟು, ತಲೆಯಿಂದ ಅವರ ಮುಖಕ್ಕೆ ಗುದ್ದಿದ. ಅವರು ಹಿಂದಕ್ಕೆ ಬಿದ್ದಾಗ ರೊಪ್ಪದ ಬಾಗಿಲಿಗೆ ಕೊಟ್ಟಿದ್ದ ದೊಣ್ಣೆ ಕಿತ್ತುಕೊಂಡ. ಮೊದಲ ಏಟು ಭುಜಕ್ಕೆ. ಎರಡನೆಯದಕ್ಕೆ ಅವರು ಕೈ ಅಡ್ಡ ತಂದರು. ಮೂಳೆಯ ಶಬ್ದ ನಾನು ನಿಂತ ಜಾಗಕ್ಕೆ ಕೇಳಿಸಿತು. ನಕ್ಕವರಲ್ಲಿ ಇಬ್ಬರು ಐಸ್ ಬಾಕ್ಸ್ ಎತ್ತಿ ಅದೇ ಚಪ್ಪಡಿಗೆ ಅಪ್ಪಳಿಸಿದರು. ಸಣ್ಣ ಸಣ್ಣ ಸೀಸೆಗಳು. ಒಡೆಯದೆ ಉಳಿದವನ್ನು ಚಪ್ಪಲಿಯಿಂದ ತುಳಿದರು. ಲಸಿಕೆಯೂ ಟಗರಿನ ರಕ್ತವೂ ಒಂದೇ ಕಲ್ಲಿನ ಮೇಲಿದ್ದವು.

ಮುನಿರಾಜು ಮಣ್ಣಿನಲ್ಲಿ ಒರಗಿಕೊಂಡೇ ಕೂಗುತ್ತಿದ್ದರು. "ಕುತ್ತಿಗೆ ತೊಳ್ಕೊಳ್ಳೋ. ಸೋಪ್ ಹಾಕಿ ತೊಳ್ಕೊ ಮೊದ್ಲು."

ನಂಜೇಶ ಅವರ ಬಾಯಿಗೆ ಒದ್ದ.

ಪೊಲೀಸ್ ಜೀಪು ಬರುವ ಹೊತ್ತಿಗೆ ಅವನು ಅಲ್ಲಿರಲಿಲ್ಲ. ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನ ಮೇಲೆ ಹಲ್ಲೆ ಎಂದು ಪ್ರಕರಣ ದಾಖಲಾಯಿತು.

ಮರುದಿನ ಪಶುಪಾಲನಾ ಇಲಾಖೆಯವರು ಎರಡು ಪೊಲೀಸ್ ವ್ಯಾನಿನೊಂದಿಗೆ ಬಂದರು. ಕೆಂಪಣ್ಣನ ಮನೆಯ ಹೆಂಗಸರು ರೊಪ್ಪದ ಬಾಗಿಲಿಗೆ ಅಡ್ಡ ಮಲಗಿದರು. ಅವರನ್ನು ಕೈಕಾಲು ಹಿಡಿದು ಎತ್ತಿ ಪಕ್ಕಕ್ಕೆ ಹಾಕಲಾಯಿತು. ಕಲ್ಲು ಬಿತ್ತು, ಪೊಲೀಸರು ಲಾಠಿ ಬೀಸಿದರು. ಕೆಂಪಣ್ಣನನ್ನು ಕೂದಲು ಹಿಡಿದು ವ್ಯಾನಿನವರೆಗೆ ಎಳೆದೊಯ್ದರು, ದಾರಿಯುದ್ದ ಕೆನ್ನೆಗೆ ಹೊಡೆದರು. ಆ ಗದ್ದಲದ ನಡುವೆಯೇ ಎಲ್ಲ ಕುರಿಗಳಿಗೂ ಸೂಜಿ ಬಿತ್ತು. ಸತ್ತ ನಾಲ್ಕನ್ನೂ ಚರ್ಮ ಸಮೇತ ಆಳದ ಗುಂಡಿಗೆ ಇಳಿಸಿ ಮೇಲೆ ಸುಣ್ಣ ಸುರಿದರು. ರಕ್ತ ಬಿದ್ದ ಮಣ್ಣನ್ನೂ ಕೆರೆದು ಅದೇ ಗುಂಡಿಗೆ ಹಾಕಿದರು.

ಆರೋಗ್ಯ ಇಲಾಖೆಯವರು ಟಗರು ಮುಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮಾತ್ರೆ ಕೊಟ್ಟರು. ಠಾಣೆಯಲ್ಲಿ ಕೆಂಪಣ್ಣ ಮಾತ್ರೆಯನ್ನು ಉಗುಳಿದ. ಕಾನ್‌ಸ್ಟೆಬಲ್ ಒಬ್ಬ ಅವನ ಮೂಗು ಹಿಡಿದು ಎರಡನೆಯದನ್ನು ನುಂಗಿಸಿದ. ಮಾತ್ರೆ ತಲುಪದೆ ಉಳಿದವನು ಒಬ್ಬನೇ.

ಆಸ್ಪತ್ರೆಯಲ್ಲಿ ಮುನಿರಾಜು ಅವರನ್ನು ನೋಡಲು ಹೋದೆ. ಮುಂದಿನ ಎರಡು ಹಲ್ಲು ಹೋಗಿದ್ದವು. ಕೈಗೆ ಭುಜದವರೆಗೆ ಪ್ಲಾಸ್ಟರ್.

"ಅವ್ನ ಕುತ್ತಿಗೆ ನೋಡಿದ್ರಾ ಮೇಡಂ?"

"ರಕ್ತ ಆಗಿತ್ತು."

"ತೊಳ್ಕೊಂಡ್ನಾ?"

"ನಾನು ನೋಡಿದಂತೆ ಇಲ್ಲ."

"ಪೊಲೀಸರಿಗೆ ಅವ್ನು ಯಾವತ್ತಾದ್ರೂ ಸಿಗ್ಲಿ. ನಂಗೆ ಈ ವಾರದೊಳಗೆ ಸಿಗ್ಬೇಕು."

ಪಕ್ಕದಲ್ಲಿ ಮೂಸಂಬಿ ಸುಲಿಯುತ್ತಿದ್ದ ಅವರ ಹೆಂಡತಿ ನನ್ನ ಕಡೆ ತಿರುಗಿದರು. "ಹಲ್ಲು ಉದುರಿಸಿದೋನ ಯೋಚ್ನೆ ಇವ್ರಿಗೆ. ಇನ್ಮೇಲೆ ಇವ್ರ ಬಾಯಿಗೆ ಎಲ್ಲಾ ಮೆತ್ತಗೆ ಬೇಯಿಸ್ಬೇಕಲ್ಲ, ಅದರ ಯೋಚ್ನೆ ನಂಗೆ."

ಮುನಿರಾಜು ವಿವರಿಸಿದರು. ಮೊದಲು ಸೊಳ್ಳೆ ಕಚ್ಚಿದಂಥ ಗುಳ್ಳೆ, ತುರಿಕೆ. ಗುಳ್ಳೆ ಒಡೆದು ನಡುವೆ ಕಪ್ಪು ಹಕ್ಕಳೆ. ನೋವಿರುವುದಿಲ್ಲ, ಅದಕ್ಕೇ ಯಾರೂ ಲಕ್ಷ್ಯ ಕೊಡುವುದಿಲ್ಲ. ಕೈ ಮೇಲಾದರೆ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಕುತ್ತಿಗೆಯಲ್ಲಾದರೆ ಊತ ಒಳಗೆ ಗಂಟಲನ್ನು ಒತ್ತುತ್ತದೆ.

ಬಿಡುಗಡೆಯಾಗಿ ಬಂದ ಕೆಂಪಣ್ಣನಿಗೆ ಇದನ್ನೇ ಹೇಳಿದೆ. ಅವನ ಒಂದು ಕಣ್ಣು ಇನ್ನೂ ಊದಿಕೊಂಡಿತ್ತು. "ಎಲ್ಲವ್ನೆ ಅಂತ ಗೊತ್ತಿದ್ರೂ ಯೋಳಲ್ಲ" ಎಂದ. "ನಿಮ್ಗೇಳಿದ್ರೆ ನಾಳೆ ಪೇಪರ್ನಾಗ್ ಬತ್ತದೆ, ನಾಡಿದ್ದು ಅವ್ನ ಹೆಣ ಬತ್ತದೆ."

"ಹೇಳದೇ ಇದ್ರೂ ಬರಬಹುದು."

ಅವನು ನನ್ನ ಮುಖಕ್ಕೇ ಬಾಗಿಲು ಹಾಕಿಕೊಂಡ.

ಕೆಂಪಣ್ಣನ ಮನೆಯವರು ವರ್ಷಗಳಿಂದ ವ್ಯಾಪಾರ ಮಾಡುವ ಕಡೆಗಳಿಗೆಲ್ಲ ಹೋದೆ. ಹಲಸೂರಿನ ಇಬ್ಬರು ಮಟನ್ ಅಂಗಡಿಯವರು ನಂಜೇಶನ ಹೆಸರು ಕೇಳುತ್ತಲೇ ಬೇರೆ ಗಿರಾಕಿ ಕಡೆ ತಿರುಗಿದರು. ಶಿವಾಜಿನಗರದ ಓಣಿಯಲ್ಲಿ ತಲೆ, ಕಾಲು ಸುಡುವ ಶಕೀಲಾ ಬೀ ಮಾತ್ರ ಪೂರ್ತಿ ಕೇಳಿಸಿಕೊಂಡರು. ಅರವತ್ತರ ಹತ್ತಿರದ ವಿಧವೆ. ಮೊಣಕೈವರೆಗೆ ಸುಟ್ಟ ಕಲೆಗಳು, ಹೊಸವು ಹಳೆಯವುಗಳ ಮೇಲೆ. ಸಲಾಕೆಯನ್ನು ಕೆಂಡದಲ್ಲಿ ತಿರುಗಿಸುತ್ತಾ, "ಯಾರೂ ಬಂದಿಲ್ಲ ಮೇಡಂ" ಎಂದರು. ನನ್ನ ನಂಬರ್ ಇಟ್ಟುಕೊಂಡರು.

ಹಲ್ಲೆಯಾಗಿ ವಾರ ತುಂಬುವ ಹೊತ್ತಿಗೆ ಅವರ ಫೋನ್ ಬಂತು.

"ಮೇಡಂ, ಸುಟ್ಟಿದ್ ಗಾಯ ನೋಯ್ತದೆ ಅಲ್ವಾ?"

"ನೋಯುತ್ತೆ."

"ನಾನೂ ಅದೇ ಹೇಳ್ದೆ. ಇಲ್ಲೊಬ್ಬ ಸಲಾಕೆ ತಾಗ್ತು ಖಾಲಾ ಅಂತಾನೆ. ಕಪ್ಪಗಾಗಿದೆ. ಒತ್ತಿ ನೋಡ್ದೆ, ನೋವೇ ಇಲ್ಲ ಅಂತಾನೆ. ನಿನ್ನೆಯಿಂದ ಅನ್ನ ನುಂಗಕ್ಕೆ ಆಗ್ತಿಲ್ಲ. ಪೊಲೀಸ್ ನಕ್ಕೊ ಮೇಡಂ. ಪೊಲೀಸ್ ಬಂದ್ರೆ ನಾನ್ ಬಾಗ್ಲು ತೆಗಿಯಲ್ಲ."

ನಾನು ಮುನಿರಾಜು ಅವರಿಗೆ ಫೋನ್ ಮಾಡಿದೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕೈಗೆ ಜೋಳಿಗೆ ಕಟ್ಟಿಕೊಂಡು ಆಟೋದಲ್ಲಿ ಬಂದರು. ಸರ್ಕಾರಿ ಆಸ್ಪತ್ರೆಗೆ ಹೇಳಿ ಹಾಸಿಗೆ ಖಾಲಿ ಇಡಿಸಿದ್ದರು.

ಓಣಿಯ ಕೊನೆಯಲ್ಲಿ, ಒಲೆಯ ಹಿಂದಿನ ಕೋಣೆ. ನಂಜೇಶ ಗೋಣಿಚೀಲಗಳ ಮೇಲೆ ಕೂತಿದ್ದ. ಗಲ್ಲ, ದವಡೆ, ಕುತ್ತಿಗೆ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ, ಎಲ್ಲ ಒಂದೇ ದಪ್ಪಕ್ಕೆ ಊದಿದ್ದವು. ಬಗ್ಗಿದಾಗ ಕುತ್ತಿಗೆಯ ಹಿಂದಿನ ಕಪ್ಪು ಹಕ್ಕಳೆ ಕಂಡಿತು. ಉಸಿರು ಎಳೆದುಕೊಳ್ಳುವ ಶಬ್ದ ಬಾಗಿಲಿಗೆ ಕೇಳಿಸುತ್ತಿತ್ತು.

ಮುನಿರಾಜು ಅವರನ್ನು ನೋಡಿದವನೇ ಎದ್ದು ಒಲೆಯಿಂದ ಸಲಾಕೆ ಎಳೆದುಕೊಂಡ. ತುದಿ ಕೆಂಪಾಗಿತ್ತು.

"ಬಂದ್ರೆ ಚುಚ್ತೀನಿ." ಸ್ವರ ಶಿಳ್ಳೆಯಂತೆ ಬಂತು.

"ಚುಚ್ಚು. ಆಮೇಲೆ ಆಸ್ಪತ್ರೆಗೆ ಬಾ."

"ಕೇಸ್ ವಾಪಸ್ ತಗೋ."

"ಕೇಸು ನಂದಲ್ಲ, ಸರ್ಕಾರದ್ದು. ವಾಪಸ್ ತಗೊಳ್ಳೋಕೆ ನಂಗೆ ಅಧಿಕಾರ ಇಲ್ಲ."

"ತಗೋತೀನಿ ಅನ್ನು, ಬತ್ತೀನಿ."

ಶಕೀಲಾ ಬೀ ಮುನಿರಾಜು ಅವರ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಂದ್ಬಿಡಿ ಸಾರ್. ಒಂದ್ ಮಾತು. ಅಲ್ಲಾ ಕ್ಷಮಿಸ್ತಾನೆ" ಎಂದರು.

"ಅಂದೆ ಅಂತ್ಲೇ ಇಟ್ಕೊಳ್ಳಿ. ಆಸ್ಪತ್ರೆಗೆ ಪೊಲೀಸ್ ಬಂದೇ ಬರ್ತಾರೆ. ನೋಡಿದ ತಕ್ಷಣ ಇವ್ನು ಡ್ರಿಪ್ ಕಿತ್ತು ಓಡ್ತಾನೆ. ಓಡಿದ್ರೆ ದಾರೀಲಿ ಬೀಳ್ತಾನೆ." ನಂಜೇಶನ ಕಡೆ ತಿರುಗಿದರು. "ಪೊಲೀಸ್ ಬರ್ತಾರೆ ಕಣೋ. ಅರೆಸ್ಟ್ ಆಗ್ತೀಯ. ನಾನು ಸಾಕ್ಷಿ ಹೇಳ್ತೀನಿ. ಅದಕ್ಕೆಲ್ಲ ನೀನು ಬದುಕಿರ್ಬೇಕು, ನಡಿ."

ನಂಜೇಶ ಸಲಾಕೆ ಬೀಸಿದ. ಅದು ಪ್ಲಾಸ್ಟರಿಗೆ ತಾಗಿ ಬಟ್ಟೆ ಸುಟ್ಟ ಹೊಗೆ ಎದ್ದಿತು. ಎರಡನೆಯ ಸಲ ಬೀಸಿದ್ದು ಮುನಿರಾಜು ಅವರ ಕೆನ್ನೆಗೆ ಬಿತ್ತು. ಅವರು ಬಾಗಿಲು ಬಿಟ್ಟು ಕದಲಲಿಲ್ಲ. ಶಕೀಲಾ ಬೀ ಹಿಂದಿನಿಂದ ಬಂದು ನಂಜೇಶನ ಕಪಾಳಕ್ಕೆ ಒಂದೇಟು ಕೊಟ್ಟರು.

"ನನ್ ಮನೇಲಿ ಸಾಯಕ್ಕೆ ಬಂದ್ಯಾ? ನಿಮ್ಮಣ್ಣನಿಗೆ ಏನ್ ಹೇಳ್ಲಿ ನಾನು?"

ಅವನು ಉಸಿರಿಗಾಗಿ ಬಾಯಿ ತೆರೆದು ಮಂಡಿಯೂರಿದ. ಸಲಾಕೆ ಬಿತ್ತು. ಶಕೀಲಾ ಬೀ ಓಣಿಗೆ ಮುಖಹಾಕಿ ಮೂವರು ಹಮಾಲರನ್ನು ಕೂಗಿದರು. ಅವರ ಕೈಯಲ್ಲಿದ್ದದ್ದು ಟಗರು ಕಟ್ಟುವ ಹಗ್ಗ. ನಂಜೇಶ ಒಬ್ಬನ ಅಂಗೈ ಕಚ್ಚಿ ರಕ್ತ ಬರಿಸಿದ. ಕಚ್ಚಿಸಿಕೊಂಡವನು ಬೈಯುತ್ತಾ ಅವನ ಎದೆಯ ಮೇಲೆ ಮಂಡಿಯಿಟ್ಟ. ಮುನಿರಾಜು, "ಎದೆ ಒತ್ಬೇಡಿ, ಕುತ್ತಿಗೆ ಮುಟ್ಬೇಡಿ, ಕಾಲು ಮಾತ್ರ" ಎಂದು ಹೇಳುತ್ತಲೇ ಇದ್ದರು. ಕೊನೆಗೆ ಎರಡು ಕೈ ಎರಡು ಕಾಲು ಸೇರಿಸಿ, ಟಗರನ್ನು ಕಟ್ಟುವ ಹಾಗೆಯೇ ಕಟ್ಟಿ, ಗೂಡ್ಸ್ ಆಟೋದಲ್ಲಿ ಪಕ್ಕಕ್ಕೆ ಮಲಗಿಸಿದರು. ಓಣಿಯಲ್ಲಿ ಜನ ಸೇರಿ ಮೊಬೈಲ್ ಎತ್ತಿದ್ದರು. ಮನುಷ್ಯನನ್ನು ಕದ್ದೊಯ್ಯುತ್ತಿದ್ದಾರೆ ಎಂದು ಯಾರೋ ಕೂಗಿ ಆಟೋದ ಗಾಜಿಗೆ ಕಲ್ಲು ಹೊಡೆದರು. ಗಾಜಿನ ಚೂರುಗಳು ನನ್ನ ಮಡಿಲಿಗೆ ಬಿದ್ದವು. ಚಾಲಕ ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ಅವನ ಗಂಟಲಿನ ಮುಂಭಾಗ ಕೊಯ್ದು ಉಸಿರಿಗೆ ಕೊಳವೆ ಇಟ್ಟರು. ಇನ್ನೊಂದು ಗಂಟೆ ತಡವಾಗಿದ್ದರೆ ಅದಕ್ಕೂ ಅವಕಾಶವಿರುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದರು. ಆಸ್ಪತ್ರೆಯವರೇ ಠಾಣೆಗೆ ತಿಳಿಸಿದರು. ಬಂದ ಪೊಲೀಸರು ಕೈಗೆ ಬೇಡಿ ಹಾಕಲು ಹೋದಾಗ, ಡ್ರಿಪ್ ಹಾಕಬೇಕು ಎಂದು ನರ್ಸ್ ಜಗಳವಾಡಿದರು. ಬೇಡಿಯನ್ನು ಕಾಲಿಗೆ ಹಾಕಿ ಮಂಚಕ್ಕೆ ಬಿಗಿದರು.

ಕಾರಿಡಾರಿನಲ್ಲಿ ಶಕೀಲಾ ಬೀ ಡಾಕ್ಟರನ್ನು ನಿಲ್ಲಿಸಿದರು. "ನಂಗೂ, ನಮ್ ಓಣಿಯವ್ರಿಗೂ ಇದರ ಸೂಜಿ ಹಾಕ್ಬಿಡಿ. ದಿನಾ ತಲೆ ಮುಟ್ಟೋ ಕೈ ನಮ್ದು."

ಡಾಕ್ಟರ್ ತಾಳ್ಮೆಯಿಂದ ಹೇಳಿದರು. ಮನುಷ್ಯರಿಗೆ ಲಸಿಕೆ ಇದೆ. ಕೆಲವು ದೇಶಗಳಲ್ಲಿ ಸೈನಿಕರಿಗೆ, ಈ ರೋಗಾಣುವಿನೊಂದಿಗೆ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಕೊಡುತ್ತಾರೆ. ಒಂದು ಸೂಜಿಗೆ ಮುಗಿಯುವುದಿಲ್ಲ, ಹಲವು ಸಲ ಹಾಕಬೇಕು. ಈ ಆಸ್ಪತ್ರೆಯಲ್ಲಿ ಅದು ಇಲ್ಲ. ಇಲ್ಲಿರುವುದು ರೋಗ ತಗುಲಿರಬಹುದು ಎನ್ನುವವರಿಗೆ ಮಾತ್ರೆ, ತಗುಲಿದವರಿಗೆ ಇಂಜೆಕ್ಷನ್. ರೋಗ ಬಾರದಂತೆ ತಡೆಯಬೇಕಾದರೆ ರೋಗ ಕಂಡ ಜಾಗದಲ್ಲಿ ಕುರಿಗಳಿಗೆ ವರ್ಷ ವರ್ಷವೂ ಲಸಿಕೆ ಬೀಳಬೇಕು, ಕಾಯಿಲೆಯ ಕುರಿ ಕತ್ತಿಗೆ ಬರಬಾರದು.

ಅಷ್ಟರಲ್ಲಿ ಕೆಂಪಣ್ಣ ಮೆಟ್ಟಿಲು ಹತ್ತಿ ಬಂದಿದ್ದ. ಶಕೀಲಾ ಬೀ ಅವನ ಕಡೆ ಬೊಟ್ಟು ಮಾಡಿ ಡಾಕ್ಟರಿಗೆ ಹೇಳಿದರು. "ನಮ್ ಪಾಲಿನ ಸೂಜಿ ಬಂದಿತ್ತಂತೆ ಸಾರ್. ಟಗರಿಗೆ ಹಾಕ್ಬೇಕಿತ್ತು, ಇವ್ರು ಕಲ್ಲಿಗೆ ಹಾಕಿದ್ರು."

ಕೆಂಪಣ್ಣ ಬೆಂಚಿನ ತುದಿಯಲ್ಲಿ, ಕೆನ್ನೆಗೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ ಮುನಿರಾಜು ಅವರಿಂದ ದೂರ ಕೂತ.

ಕೊಳವೆ ತೆಗೆಯಲು ಹತ್ತಿರ ಹತ್ತಿರ ಮೂರು ವಾರ ಹಿಡಿಯಿತು. ಶಕೀಲಾ ಬೀ, ಹಮಾಲರು, ನಾನು, ಎಲ್ಲರೂ ಮಾತ್ರೆ ನುಂಗಿದೆವು. ಬಕ್ರೀದ್ ದಿನ ಬೆಳಿಗ್ಗೆ ಜೋರು ಮಳೆ. ಕೆಂಪಣ್ಣನ ರೊಪ್ಪದಲ್ಲಿ ಸೂಜಿ ಹಾಕಿಸಿಕೊಂಡ ಟಗರುಗಳು ಹಾಗೇ ನಿಂತಿದ್ದವು. ಒಂದೂ ಸತ್ತಿರಲಿಲ್ಲ, ಒಂದೂ ಮಾರಾಟವಾಗಿರಲಿಲ್ಲ. ನಂಜೇಶನನ್ನು ವಾರ್ಡಿನಿಂದ ನೇರ ಜೈಲಿಗೆ ಕರೆದೊಯ್ದರು. ಜಾಮೀನು ಸಿಕ್ಕಿದ್ದು ದೀಪಾವಳಿಯ ಹೊತ್ತಿಗೆ.

ಪ್ರಕರಣ ಈ ವರ್ಷ ಸಾಕ್ಷಿ ವಿಚಾರಣೆಗೆ ಬಂತು. ಹೊಡೆದವನು ಈ ಕೋಣೆಯಲ್ಲಿ ಇದ್ದಾನೆಯೇ ಎಂದು ಸರ್ಕಾರಿ ವಕೀಲರು ಕೇಳಿದರು. ಮುನಿರಾಜು ಬಲಗೈ ಎತ್ತಿ ನಂಜೇಶನನ್ನು ತೋರಿಸಿದರು. "ಇವನೇ" ಎಂದರು.

ಕಲಾಪ ಮುಗಿದ ಮೇಲೆ ಹೊರಗೆ ಮೆಟ್ಟಿಲ ಹತ್ತಿರ ಇಬ್ಬರೂ ಎದುರಾದರು. ನಂಜೇಶನ ಗಂಟಲ ಗುಳಿಯಲ್ಲಿ ಕೊಯ್ದ ಗುರುತು, ದನಿ ಇನ್ನೂ ಒಡಕು.

"ಈ ವರ್ಷ ಸೂಜಿ ಹಾಕಿಸಿದ್ರೇನೋ?" ಎಂದು ಮುನಿರಾಜು ಕೇಳಿದರು.

"ಯುಗಾದಿಗೇ ಹಾಕ್ಸುದ್ವಿ ಸಾ. ಹಬ್ಬಕ್ಕೆ ಎಲ್ಲಾ ಕುಯ್ಬೌದು ಅಂದ್ರು."

"ಯಾರು ಹಿಡ್ಕೊಂಡ್ರು?"

"ನಾನೇ ಹಿಡ್ಕೊಂಡೆ."

ಮುನಿರಾಜು ಅವರ ಎಡ ಮೊಣಕೈ ಪೂರ್ತಿ ಚಾಚುವುದಿಲ್ಲ. ಅವರೀಗ ಹಲಸೂರಿನ ಒಂದು ಕಚೇರಿಯಲ್ಲಿ ಮೇಜಿನ ಕೆಲಸದಲ್ಲಿದ್ದಾರೆ. ಪ್ರಕರಣದ ಮುಂದಿನ ವಿಚಾರಣೆ ಬಕ್ರೀದ್ ಆದ ಮೇಲಕ್ಕೆ ನಿಗದಿಯಾಗಿದೆ.